ಬಿಸ್ಕತ್ತಿನ ಡಬ್ಬಿಯ ಸೀಲುಗಳು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಎದುರು
ಮೂರಡಿ ಅಗಲದ ಅಂಗಡಿ, ಅಬ್ಬಾನದು.
ಹವಾಯಿ ಚಪ್ಪಲಿಯ ಅಟ್ಟೆ ಕೊರೆದು ಕಲಿತ ಕೈ
ಆಮೇಲೆ ಕೆಂಪು ರಬ್ಬರಿಗೆ ಬಂತು.
ಬ್ಲೇಡಿನ ಮೊನೆಯಲ್ಲಿ ಕನ್ನಡವನ್ನು
ಬಲದಿಂದ ಎಡಕ್ಕೆ ಕೆತ್ತುತ್ತಿದ್ದರು.
ಉರ್ದು ಓದಿದವನಿಗೆ ಇದೇನು ಮಹಾ, ಅನ್ನುತ್ತಿದ್ದರು.
ಆದರೂ ಒತ್ತಕ್ಷರ ಬಂದಾಗ
ಉಸಿರು ಬಿಗಿಹಿಡಿದದ್ದನ್ನು ನಾನು ನೋಡಿದ್ದೇನೆ.

ತಪ್ಪಿದವೆಲ್ಲ ಬಿಸ್ಕತ್ತಿನ ಡಬ್ಬಿಗೆ:
ಮಹಾಪ್ರಾಣ ಕಳಕೊಂಡ ಒಬ್ಬ ಅದ್ಯಕ್ಷರು,
ಹೊಟ್ಟೆ ಸೀಳಿಸಿಕೊಂಡ ಕಾರ್ಯದರ್ಷಿ,
ಯಾವ ಯೋಚನೆಯಲ್ಲೋ ನೇರ ಕೆತ್ತಿಬಿಟ್ಟ 'ನಕಲು'
(ಒತ್ತಿದರೆ ಕನ್ನಡಿಗಷ್ಟೇ ಓದಲು ಬರುತ್ತದೆ),
ಮುಂಗಡ ಕೊಟ್ಟು ಮತ್ತೆ ಮುಖ ತೋರಿಸದ
ಯಾವುದೋ ಹಾಲಿನ ಸೊಸೈಟಿ.

ಅಂಗಡಿಯಲ್ಲೀಗ ಮೊಬೈಲ್ ರಿಪೇರಿ.
ಡಬ್ಬಿ ನನ್ನದು.

ಭಾನುವಾರ ಊಟವಾದ ಮೇಲೆ
ಮಾಳಿಗೆಯ ನೀರಿನ ಟ್ಯಾಂಕಿನ ನೆರಳಲ್ಲಿ
ಹಳೆಯ ಲಾಟು ಪುಸ್ತಕದ ಹಾಳೆ ಹರಿಯುತ್ತೇನೆ.
'ಮಿಶ್ರತಳಿ, ನಲವತ್ತೆರಡು ಕೆಜಿ', ಯಾರದೋ ಅವಸರದ ಬರಹ.
ಅದರ ಮೇಲೆ ಬಿಳಿ ಬಣ್ಣ,
ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ತೆಳ್ಳಗೆ ಎಳೆದು,
ಅಕ್ಷರ ಅರ್ಧ ಮುಳುಗಿ
ಅರ್ಧ ಉಸಿರಾಡುವಷ್ಟು.
ಸವೆದ ಟೂತ್‌ಬ್ರಷ್ಷಿನಿಂದ ನೀಲಿ ಚಿಮುಕಿಸಿದರೆ
ಕಾಗದಕ್ಕಿಂತ ಹೆಚ್ಚು ನನ್ನ ಕನ್ನಡಕಕ್ಕೆ.
ಬಲಿತ ಬೆಂಡೆಕಾಯಿ ಅಡ್ಡ ಕೊಯ್ದು ಒತ್ತಿದರೆ ಹೂವು.
ಇಸ್ಕೂಲಿನಲ್ಲಿ ಕಲಿತದ್ದರಲ್ಲಿ
ಇನ್ನೂ ಉಪಯೋಗಕ್ಕೆ ಬರುವುದು ಅದೊಂದೇ.

ಆಮೇಲೆ ಗೂಡು. ಚಿಟ್ಟೆ ತೂತು ಕೊರೆದು ಹೋದದ್ದು,
ನೂಲಿಗೆ ಬಾರದ್ದು, ಸೇರಿಗೆ ಇಷ್ಟು ಎಂದು ತಂದದ್ದು.
ಕತ್ತರಿಯಲ್ಲಿ ಸೀಳಿದರೆ ಐದು ದಳ.
ಅಂಟಿಸಿ, ಕಾದು,
ಬೆರಳಿಗಂಟಿದ ಫೆವಿಕಾಲನ್ನು
ಪೊರೆಯ ಹಾಗೆ ಸುಲಿಯುತ್ತ ಕೂರುವುದು
ನನಗೆ ಎಲ್ಲಕ್ಕಿಂತ ಇಷ್ಟ.

ಸೀಲು ಕಡೆಗೆ. ಬಣ್ಣ ಒಣಗಿರಬೇಕು,
ಎಷ್ಟು ಕಾರ್ಡು ಕೆಡಿಸಿದ್ದೇನೆ ಈ ಒಂದು ಆತುರದಲ್ಲಿ.
ಮೊದಲ ಒತ್ತಿಗೆ ಮಸಿ ಹೆಚ್ಚು, ಎರಡನೆಯದು ಜಾರುತ್ತದೆ.
ಕಾರ್ಯದರ್ಷಿಯನ್ನು ಸಾಲಾಗಿ ಒತ್ತಿದರೆ ಬೇಲಿ,
ಸುತ್ತ ಒತ್ತಿದರೆ ಸೂರ್ಯ.
ಯಾರೂ ಕಾಗುಣಿತ ಕೇಳುವುದಿಲ್ಲ.

ಹೋದ ವಾರ ಪಿಳ್ಳಮ್ಮ ಮೆಟ್ಟಿಲು ಹತ್ತಿ ಬಂದಳು,
ಮಂಡಿಗೊಂದು ಬೈಗುಳ ಬೈಯುತ್ತ.
ನಲವತ್ತು ವರ್ಷ ಫಿಲೇಚರಿನಲ್ಲಿ
ಕುದಿನೀರಿಗೆ ಕೈಯಿಟ್ಟು ಎಳೆ ಹುಡುಕಿದವಳು.
'ನಂಗೂ ಒಂದು ಕಾರ್ಡು ಮಾಡ್ಕೊಡೇ.'
ಯಾರಿಗೆ?
'ರೇಷನ್ ಅಂಗಡಿ ಹುಡುಗನಿಗೆ. ಹೆಣ್ಮಗು ಆಯ್ತಂತೆ.'

ಮೂರು ತಿಂಗಳಿಂದ ಅವನೇ
ಅವಳ ಹೆಬ್ಬೆರಳನ್ನು ಆ ಪುಟ್ಟ ಮೆಷಿನ್ನಿಗಿಟ್ಟು,
ಒರೆಸಿ ಇಟ್ಟು, ಒದ್ದೆ ಮಾಡಿ ಇಟ್ಟು,
ಬೆರಳು ಬರ್ತಿಲ್ಲ ಅಜ್ಜಿ,
ನಾಳೆ ಬಾ, ಅನ್ನುತ್ತಿರುವವನು.

ಏನು ಒತ್ತಲಿ ಎಂದು ಡಬ್ಬಿ ತೆರೆದೆ.
ಅವಳು ಡಬ್ಬಿಯನ್ನು ನೋಡಲೇ ಇಲ್ಲ.
ತಟ್ಟೆಯ ಹಳದಿ ಬಣ್ಣಕ್ಕೆ ಹೆಬ್ಬೆರಳು ಅದ್ದಿ,
ಗೂಡಿನ ಹೂವಿನ ಪಕ್ಕ, ಖಾಲಿ ಬಿಟ್ಟಿದ್ದ ಕಡೆ,
ಸಬ್‌ರಿಜಿಸ್ಟ್ರಾರರ ಮುಂದೆ ಒತ್ತುವವಳ ಹಾಗೆ
ಬಲವಾಗಿ ಒತ್ತಿದಳು.

ಗೆರೆಯಿಲ್ಲ. ಸುಳಿಯಿಲ್ಲ.
ನುಣ್ಣನೆಯ ಒಂದು ಮೊಟ್ಟೆಯಾಕಾರ,
ಹಣ್ಣಾದ ಹುಳು ಕಟ್ಟಿದ ಗೂಡಿನ ಬಣ್ಣ.
ನಾನು ಕಡ್ಡಿಯಿಂದ ಎರಡು ಕಣ್ಣು ಚುಚ್ಚಿದೆ,
ಬಾಯಿ ಅವಳೇ ಬರೆದಳು, ಸ್ವಲ್ಪ ಸೊಟ್ಟ.

ಕೆಳಗೆ ಏನು ಬರೆಯಲಿ ಅಂದೆ. ಶುಭಾಶಯ?
ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು,
ಸೆರಗಿಗೆ ಬೆರಳು ಒರೆಸಿಕೊಂಡು, ಅಯ್ಯೋ ಸೀರೆ ಎಂದು,
ಹೇಳಿದಳು:
'ಬೆರಳು ಬಂತು, ಅಂತ ಬರಿ.'